ನೆಲಕ್ಕೆ ತಾಗಬಾರದ ಚಕ್ರ

ನಾನು ಒಂದು ಅಂಬಾಸಿಡರ್ ಕಾರು. ಹುಟ್ಟಿದ್ದು ಬಂಗಾಳದ ಕಾರ್ಖಾನೆಯಲ್ಲಿ, ಬದುಕಿದ್ದು ಗದಗದಲ್ಲಿ. ಕಪ್ಪು ಮೈ, ಹಳದಿ ತಲೆ, ಬಾಡಿಗೆ ಗಾಡಿ. ಈಗ ಗುಜರಿಯಲ್ಲಿ ಬಿದ್ದಿದ್ದೇನೆ. ಮೈಗೆಲ್ಲ ತುಕ್ಕು ಹಿಡಿದಿದೆ, ಸಿಟ್ಟಿಗೆ ಮಾತ್ರ ಹಿಡಿದಿಲ್ಲ.

ನನ್ನ ಮೊದಲ ಯಜಮಾನರು ಹುಸೇನಸಾಬರು. ಒಂಬತ್ತು ಜನ, ಮೇಲೆ ಎರಡು ಚೀಲ ಮೆಣಸಿನಕಾಯಿ ತುಂಬುತ್ತಿದ್ದರು. ಆದರೆ ಹೆರಿಗೆ ನೋವಿನವಳು ಬಂದರೆ ಎಂಥ ಬಾಡಿಗೆಯಿದ್ದರೂ ಇಳಿಸಿಬಿಡುತ್ತಿದ್ದರು. ಆಸ್ಪತ್ರೆ ಮುಟ್ಟುವ ಮೊದಲೇ ನನ್ನ ಹಿಂದಿನ ಸೀಟಿನಲ್ಲಿ ಹನ್ನೊಂದು ಕೂಸು ಹುಟ್ಟಿವೆ. ಪ್ರತಿ ಸಲವೂ ಸೀಟು ತೊಳೆದ ಮೇಲೆ ಸಾಬರು ಮೊಳೆಯಿಂದ ಹಿಂದಿನ ಬಾಗಿಲಿನ ಮೇಲೆ ಕೂಸಿಗೊಂದು ಗೀರು ಎಳೆಯುತ್ತಿದ್ದರು. "ಇದು ಮುಂಡರಗಿ ಹುಡುಗಿ, ಇವೆರಡೂ ಅವಳಿಜವಳಿ" ಎಂದು ಕಂಡವರಿಗೆಲ್ಲ ತೋರಿಸುತ್ತಿದ್ದರು. ನನಗೂ ಜಂಬವಿತ್ತು, ಸುಳ್ಳೇಕೆ ಹೇಳಲಿ.

ಕಣ್ಣಿಗೆ ಪೊರೆ ಬಂದಾಗ ಅವರು ನನ್ನನ್ನು ಹೋಟೆಲಿನ ಚಂಬಣ್ಣನಿಗೆ ಮಾರಿದರು. ಅವನಿಗೆ ಹಳೆಯ ಕಾರುಗಳ ಹುಚ್ಚು.

"ಗಾಡಿ ನಿಮ್ಮದು. ಆದ್ರ ಹೆರಿಗಿ ಅಂತ ಬಂದವ್ರಿಗೆ ಇಲ್ಲ ಅನಬ್ಯಾಡ್ರಿ" ಎಂದರು ಸಾಬರು.

"ಆತ್ರಿ, ಮಾತು ಕೊಟ್ಟೇನಿ" ಎಂದ ಚಂಬಣ್ಣ.

ಆಗಸ್ಟ್ ಬಂತು. ಚಂಬಣ್ಣ ನನ್ನ ಮೈಗೆ ಮೂರು ಬಣ್ಣ ಬಳಿಸಿ 'ಸ್ವಾತಂತ್ರ್ಯ ಸ್ಪೆಷಲ್' ಎಂದು ಹೆಸರಿಟ್ಟ. ಗೀರುಗಳೆಲ್ಲ ಹಸಿರಿನಡಿ ಹೂತುಹೋದವು. ಪೇಂಟರು ಉತ್ಸಾಹದಲ್ಲಿ ನಾಲ್ಕೂ ಗಾಲಿಗೆ ಅಶೋಕ ಚಕ್ರ ಬರೆದ. ಆಮೇಲೆ ಯಾರೋ ಜಾಣ ಹೇಳಿದ, ಚಕ್ರ ಕೆಸರಿಗೆ ತಾಗಿದರೆ ದೇಶಕ್ಕೆ ಅವಮಾನವಂತೆ! ಅಲ್ಲಿಗೆ ನನ್ನ ಓಡಾಟ ಬಂದ್. ಲಾರಿ ಮೇಲೆ ಹೊತ್ತುಕೊಂಡು ಮೈದಾನಕ್ಕೆ ತಂದು ಜಮಖಾನೆ ಹಾಸಿ ನಿಲ್ಲಿಸಿದರು. ಕಾರಾಗಿ ಹುಟ್ಟಿ ಲಾರಿ ಸವಾರಿ ಮಾಡಿದೆ, ಥೂ!

ಬೆಳಗಿನಿಂದ ಆ ಮೈದಾನ ಗುಡಿಸಿದವಳು ಪೌರಕಾರ್ಮಿಕಳಾದ ದುರ್ಗವ್ವ, ತುಂಬು ಬಸುರಿ. ಧ್ವಜವೇರುವ ಮೊದಲೇ ಸೊಂಟ ಹಿಡಿದು ನನ್ನ ಗಾಲಿಯ ಪಕ್ಕ ಕುಸಿದಳು. ನನ್ನನ್ನು ನೋಡಲು ಬಂದಿದ್ದ ಹುಸೇನಸಾಬರಿಗೆ ಕಣ್ಣು ಮಂಜಾದರೂ ಆ ನರಳಾಟ ಗೊತ್ತಾಯಿತು.

"ಚಂಬಣ್ಣಾರ, ಕೀಲಿ ತಗೀರಿ! ಯಾರರ ಓಡಸ್ರಿ!"

"ಬಾವುಟದಾಗ ಹೆರಿಗಿ ಮಾಡಸ್ತೀರೇನ್ರಿ ಸಾಬ್ರ? ಗಾಲಿ ರಾಡಿಗೆ ಇಳದ್ರ ನಾಳೆ ನನ್ನ ಮಾರಿ ಪೇಪರಿನ್ಯಾಗ ಬರ್ತೈತಿ."

"ಮಾತು ಕೊಟ್ಟಿದ್ರಿ."

"ಅದು ಬ್ಯಾರೆ ದಿನಕ್ಕ ಆತು. ಇವತ್ತು ಹಬ್ಬ."

ನನ್ನ ಇಂಜಿನ್ ಗಟ್ಟಿಯಿತ್ತು. ಟ್ಯಾಂಕು ತುಂಬಿತ್ತು. ಕೀಲಿ ಅವನ ಜೇಬಿನಲ್ಲಿತ್ತು. ದುರ್ಗವ್ವನ ಜೊತೆಯವರು ಅವಳನ್ನು ತಮ್ಮ ಕಸದ ಗಾಡಿಗೇ ಹತ್ತಿಸಿದರು. ಸಾಬರೂ ಹತ್ತಿದರು. ನನ್ನ ಸುತ್ತ ಜನ ಫೋಟೋ ತೆಗೆಸಿಕೊಳ್ಳುತ್ತಲೇ ಇದ್ದರು. ಅವತ್ತು ನನಗೆ ಕೈಗಳಿದ್ದಿದ್ದರೆ ಆ ಬಣ್ಣವನ್ನು ಕೆರೆದು ಅವನ ಮುಖಕ್ಕೆ ಎಸೆಯುತ್ತಿದ್ದೆ.

ಓಡದೆ ನಿಂತು ನಿಂತು ಇಂಜಿನ್ ಬಿಗಿದುಕೊಂಡಿತು. ಮೂರೇ ವರ್ಷಕ್ಕೆ ಚಂಬಣ್ಣನ ಹುಚ್ಚೂ ಇಳಿಯಿತು. ನನ್ನನ್ನು ಗುಜರಿಗೆ ಎಳೆದೊಯ್ಯುವಾಗ ನಾಲ್ಕೂ ಚಕ್ರ ಚರಂಡಿಯ ರಾಡಿಯಲ್ಲೇ ಉರುಳಿದವು. ಆಗ ಯಾರಿಗೂ ಅವಮಾನವಾಗಲಿಲ್ಲ.

ಈಗ ಹಸಿರು ಬಣ್ಣ ಸಿಪ್ಪೆಸಿಪ್ಪೆಯಾಗಿ ಏಳುತ್ತಿದೆ, ಅಡಿಯಲ್ಲಿ ನನ್ನ ಹನ್ನೊಂದು ಗೀರುಗಳು ಕಾಣುತ್ತಿವೆ. ಆ ಕಸದ ಗಾಡಿ ದಿನವೂ ಬೆಳಿಗ್ಗೆ ಈ ಗುಜರಿಯ ಮುಂದೆ ನಿಲ್ಲುತ್ತದೆ. ದುರ್ಗವ್ವ ಮಗಳ ಕೈ ಹಿಡಿದುಕೊಂಡು ಅದರಿಂದ ಇಳಿಯುತ್ತಾಳೆ. ಗಾಡಿಯ ಬಾಗಿಲ ಮೇಲೆ ಮೊಳೆಯಿಂದ ಎಳೆದ ಒಂದೇ ಒಂದು ಗೀರಿದೆ. ಅದು ನನ್ನದಾಗಬೇಕಿತ್ತು.