ಕೂರದ ತಂಗಿ

ಎಷ್ಟು ಉಜ್ಜಿದರೂ ಅಕ್ಕನ ಉಗುರಿನ ನೀಲಿ ಹೋಗುತ್ತಿರಲಿಲ್ಲ. ಹೆಣ ಮಲಗಿಸಿದ ಮಂಚದ ಪಕ್ಕ ಬಗ್ಗಿ ನಿಂತ ತಂಗಿ ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ಮತ್ತೆ ಉಜ್ಜಿದಳು.

"ಸಾಕು ಬಿಡೇ, ಚರ್ಮ ಕಿತ್ತು ಬರತ್ತೆ," ಎಂದಳು ಪಕ್ಕದ ಮನೆಯ ಕುಂಬಾರಗಿತ್ತಿ. "ಬಣ್ಣದ ತೊಟ್ಟೀಲೇ ಜೀವ ಸವೆಸಿದವಳ ಕೈ ಇನ್ನೇನು ಬೆಳ್ಳಗಿರತ್ತಾ? ಬಾ, ಕೂತು ಅಕ್ಕನ ತಲೆ ತೊಡೆ ಮೇಲಿಟ್ಕೋ. ಜನ ಬರ್ತಿದ್ದಾರೆ."

ತಂಗಿ ಕೇಳಿಸದವಳಂತೆ ಗೋಡೆಗೆ ಸರಿದು ನಿಂತಳು. ಅಕ್ಕನ ಮುಂದೆ ಅವಳು ಕೂತದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಅಕ್ಕ ಉಂಡೆದ್ದ ಮೇಲೆ ಒಲೆಯ ಮರೆಗೆ ಹೋಗಿ ಉಣ್ಣುವಳು. ಇಂಥ ಹೆದರುಪುಕ್ಕಲಿ ತಂಗಿ ನಮಗೂ ಒಬ್ಬಳಿರಬಾರದಿತ್ತೇ ಎಂದು ಹೆಂಗಸರು ಚುಡಾಯಿಸುತ್ತಿದ್ದರು. ಅದು ಹೆದರಿಕೆಯಾಗಿರಲಿಲ್ಲ. ಮಂಚದ ಮೇಲೆ ತಣ್ಣಗೆ ಮಲಗಿದ್ದವಳು ಒಂದು ಕಾಲಕ್ಕೆ ಈ ನಾಡಿನ ರಾಣಿ. ತಂಗಿ ಅವಳ ಊಳಿಗದ ಹೆಂಗಸು. ಆ ಮಾತು ಮೂರನೆಯ ಕಿವಿಗೆ ಬಿದ್ದಿಲ್ಲವೆಂದೇ ಅವಳು ನಂಬಿದ್ದಳು.

*

ರಾಣಿ ಕೆಟ್ಟದ್ದು ನಂಬಿಕೆಯಿಂದ. ಗಂಡ ತೀರಿಕೊಂಡ ಮೇಲೆ ರಾಜ್ಯವನ್ನು ಒಬ್ಬಳೇ ತೂಗಿಸಿದ ಜಾಣೆ, ಮೈದುನನನ್ನು ಮನೆಮಗನೆಂದುಕೊಂಡು ಕೋಟೆಬಾಗಿಲಿನ ಕಾವಲನ್ನು ಅವನ ಕೈಗೊಪ್ಪಿಸಿದಳು. ಮನೆಮಗ ನಡುಹಗಲಲ್ಲೇ ಬಾಗಿಲು ತೆರೆದು ಶತ್ರುವಿನ ದಂಡನ್ನು ಒಳಗೆ ಬಿಟ್ಟುಕೊಂಡ. ಸಂಜೆಗೆ ಸಿಂಹಾಸನದ ಮೇಲೆ ಕೂತಿದ್ದ.

ಅಷ್ಟರೊಳಗೆ ಊಳಿಗದವಳು ರಾಣಿಗೆ ತನ್ನ ಹಳೆಯ ಬಟ್ಟೆ ಉಡಿಸಿ, ತಲೆಗೆ ಕೊಳೆಬಟ್ಟೆಯ ಗಂಟು ಹೊರಿಸಿ ಹಿತ್ತಿಲ ಬಾಗಿಲು ದಾಟಿಸಿದ್ದಳು. ಹೊರೆ ಹೊತ್ತು ಅಭ್ಯಾಸವಿಲ್ಲದ ಕತ್ತು ವಾಲಾಡುವುದನ್ನು ಕಂಡು ಕಾವಲಿನವನು ಹಲ್ಲು ಕಿರಿದ. "ಏನು, ಕುಡಿದಿದ್ದಾಳಾ?"

"ನಮ್ಮಕ್ಕ. ಜ್ವರ," ಎಂದಿದ್ದಳು ಊಳಿಗದವಳು. ಅವತ್ತಿನಿಂದ ಆಕೆ ಅಕ್ಕ, ಇವಳು ತಂಗಿ.

ಬಟ್ಟೆಗೆ ನೀಲಿ ಹಾಕುವ ಬಣ್ಣಗಾರರ ಬೀದಿ ಸೇರಿ ಮೊದಲ ಸಲ ಒಲೆ ಹೊತ್ತಿಸಿದಾಗ ರಾಣಿ ಅವಳ ಕೈ ಹಿಡಿದು ಜಗ್ಗಿದಳು. "ಕೂತ್ಕೊಳ್ಳೇ. ಇನ್ನೆಲ್ಲಿಯ ರಾಣಿ?"

"ಬೇಡಿ. ನಾನೂ ಕೂತುಬಿಟ್ರೆ ಎಲ್ಲಾ ಮುಗಿದೇ ಹೋಯ್ತು ಅಂತಾಗತ್ತೆ."

ರಾಣಿ ನಕ್ಕಳು. ಆಮೇಲೆ ಮುಖ ತಿರುಗಿಸಿ ಅತ್ತಳು. ಮತ್ತೆಂದೂ ಕೂರು ಎನ್ನಲಿಲ್ಲ.

*

ದಳಪತಿ ಹೊಸಿಲು ದಾಟಿದಾಗ ಹೆಣದ ಸುತ್ತ ಕೂತವರ ಅಳು ನಿಂತಿತು. ಎಳೆಯ ಪ್ರಾಯದವನು, ರಾಣಿಯ ಮುಖ ಕಂಡವನಲ್ಲ.

"ಹಳೇ ರಾಣಿ ಇಲ್ಲಿ ಸತ್ತಿದ್ದಾಳೆ ಅಂತ ಸುದ್ದಿ. ಹೌದಾದ್ರೆ ತಲೆ ಕೋಟೆಬಾಗಿಲಿಗೆ ಹೋಗ್ಬೇಕು. ಅರಸರ ಅಪ್ಪಣೆ."

"ರಾಣಿಯಂತೆ!" ಕುಂಬಾರಗಿತ್ತಿ ಹೆಣದ ಕೈ ಎತ್ತಿ ತೋರಿಸಿದಳು. "ಈ ಕೈ ನೋಡಪ್ಪಾ. ಇದು ಉಂಗುರ ಹಾಕಿದ ಕೈಯಾ?"

ಮೊಣಕೈವರೆಗೆ ನೀಲಿಗಟ್ಟಿದ ಕೈ ನೋಡಿ ದಳಪತಿ ಹೊರಡಲು ತಿರುಗಿದ. ಆಗ ಅವನ ಕಣ್ಣು ಗೋಡೆಯ ಬಳಿ ಕೈಕಟ್ಟಿ ನಿಂತವಳ ಮೇಲೆ ಬಿತ್ತು.

"ನೀನ್ಯಾರು?"

"ತಂಗಿ."

"ಊರವರೆಲ್ಲ ಸುತ್ತ ಕೂತು ಅಳ್ತಿದ್ದಾರೆ. ಒಡಹುಟ್ಟಿದವಳು ನೀನು, ಆಳಿನ ಹಾಗೆ ಮೂಲೇಲಿ ನಿಂತಿದ್ದೀಯಲ್ಲ?"

ಇನ್ನು ನಿಂತರೆ ರಾಣಿಯ ತಲೆ ಉಳಿಯುವುದಿಲ್ಲ. ತಂಗಿ ಮಂಚದವರೆಗೆ ಬಂದಳು. ಮೊಣಕಾಲು ಮಾತು ಕೇಳಲಿಲ್ಲ. ಕೈಯೂರಿ, ಬಲವಂತವಾಗಿ ಮಡಿಸಿ ಮಂಚದ ಮೇಲೆ ಕೂತಳು. ರಾಣಿಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ದಳಪತಿ ಇನ್ನೂ ನೋಡುತ್ತಿದ್ದ.

"ಒಂದು ಮಾತೂ ಹೇಳ್ದೆ ಹೋಗ್ಬಿಟ್ಯಲ್ಲೇ, ಹಠಮಾರಿ," ಎಂದು ಬೈದಳು. ದುಃಖ ಕಟ್ಟೆಯೊಡೆಯಿತು. "ನನ್ನ ಒಬ್ಬಳನ್ನೇ ಬಿಟ್ಟು ಹೋದ್ಯಲ್ಲೇ ಅಕ್ಕಾ!"

ದಳಪತಿ ತಲೆತಗ್ಗಿಸಿ ಹೊರಗೆ ಹೋದ. ಕುದುರೆಯ ಸದ್ದು ಬೀದಿಯಾಚೆ ಕರಗಿತು.

"ಹೋದ ಕಣೇ. ಇನ್ನು ಏಳು," ಎಂದು ಕುಂಬಾರಗಿತ್ತಿ ಮೆಲ್ಲಗೆ ಅವಳ ಭುಜ ಮುಟ್ಟಿದಳು.

ತಂಗಿ ಏಳಲಿಲ್ಲ. ಚಟ್ಟ ಹೊರುವವರು ಬಾಗಿಲಿಗೆ ಬಂದರು. ಹೆಣ ಎತ್ತುವ ಹೊತ್ತಾಯಿತೆಂದು ಕೂತವರೆಲ್ಲ ಒಬ್ಬೊಬ್ಬರಾಗಿ ಎದ್ದರು. ಕೋಣೆ, ಜಗಲಿ, ಹೊರಗೆ ಬೀದಿಯ ಉದ್ದಕ್ಕೂ ಬಣ್ಣಗಾರರು ತಲೆ ಬಗ್ಗಿಸಿ, ನೀಲಿ ಕೈಗಳನ್ನು ಕಟ್ಟಿಕೊಂಡು ನಿಂತರು. ರಾಣಿಯ ಮುಂದೆ ಕೂತಿದ್ದವಳು ತಂಗಿ ಒಬ್ಬಳೇ.