ಗಂಟೆಗೋಪುರದ ಹಬ್ಬ, ಬರ

ನಮ್ಮ ಆಶ್‌ಬ್ರೂಕ್ ಚರ್ಚಿನ ಗೋಪುರದಲ್ಲಿ ಆರು ಗಂಟೆಗಳಿವೆ. ಗಂಟೆಗೊಂದು ಹಗ್ಗ, ಹಗ್ಗಕ್ಕೊಬ್ಬರು. ಬಾರಿಸುವವರನ್ನು ಒಟ್ಟುಮಾಡುವ ಹೊಣೆ ಮ್ಯೂರಿಯಲ್‌ಳದು. ಆ ಚಳಿಗಾಲವಿಡೀ ಅಭ್ಯಾಸಕ್ಕೆ ಬಂದವರೆಂದರೆ ಅವಳು, ನಾನು, ಮತ್ತು ಕಿವಿ ಮಂದವಾದ ಡೆರಿಕ್. ನಾವು ಮೂವರೇ ಬಾರಿಸಿದರೆ, ಗಡಿಯಾರವೇನಾದರೂ ಕೆಟ್ಟಿತೇ ಎಂದು ಊರಿನವರು ತಲೆ ಎತ್ತಿ ನೋಡುತ್ತಿದ್ದರು.

ಮೇ ತಿಂಗಳಲ್ಲಿ ಪೋಸ್ಟಾಫೀಸಿನ ಪಾಲೀನ್ ಮಗಳ ಮದುವೆ ಗೊತ್ತಾಯಿತು. ಹುಡುಗಿಗೆ ಆರೂ ಗಂಟೆ ಬೇಕು. ಮ್ಯೂರಿಯಲ್ ಹಳೆಯ ಬಾರಿಸುಗಾರರ ಮನೆ ಮನೆ ಅಲೆದಳು. ಗಾಡ್‌ಫ್ರಿಗೆ ಸೊಂಟನೋವು, ಇನ್ನೊಬ್ಬರಿಗೆ ಕ್ರಿಕೆಟ್, ಉಳಿದವರದೆಲ್ಲ "ನೋಡೋಣ." ಕೊನೆಗೆ ರೋಸಿಹೋಗಿ, ಸುತ್ತಲಿನ ಊರುಗಳ ಗೋಪುರಗಳಿಗೆಲ್ಲ ಫೋನು ಮಾಡಿ ಅಂಗಲಾಚಿದಳು.

ಮದುವೆಯ ದಿನ ಮೆಟ್ಟಿಲು ಹತ್ತಿ ಹೋದರೆ ಹಗ್ಗದ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಪಕ್ಕದೂರಿನವರು, ಅದರಾಚೆಯವರು, ನಮ್ಮ 'ನೋಡೋಣ'ದವರು, ಎಲ್ಲರೂ ಇದ್ದರು. ಗಾಡ್‌ಫ್ರಿ ಕೂಡ.

"ನೀನ್ಯಾಕೋ ಬಂದೆ? ಎದ್ದು ನಿಲ್ಲೋಕೂ ಆಗಲ್ಲ ಅಂದಿದ್ದೆ?" ಎಂದಳು ಮ್ಯೂರಿಯಲ್.

"ಮದುವೆ ಅಲ್ವೇನೇ, ಮನಸ್ಸು ತಡೀಲಿಲ್ಲ."

"ಮನಸ್ಸಂತೆ! ಬಿಯರ್ ಇಟ್ಟಿದಾರೆ ಅಂತ ಯಾರೋ ಕಿವೀಲಿ ಊದಿರ್ಬೇಕು. ಒಂದೋ ಹಬ್ಬ, ಇಲ್ಲಾ ಬರ! ಈ ಗೋಪುರದ ಹಣೇಲಿ ಬರೆದಿರೋದೇ ಇಷ್ಟು. ಮಧ್ಯದಲ್ಲಿ ಒಂದೇ ಒಂದು ಸಾಧಾರಣ ದಿನ ಅಂತ ನಂಗೆ ಸಿಗೋದೇ ಇಲ್ವಾ?"

"ಹಬ್ಬದೂಟ ಎಷ್ಟೊತ್ತಿಗೆ?" ಎಂದು ಡೆರಿಕ್ ಕೇಳಿದ.

ಯಾರಿಗೆ ಯಾವ ಹಗ್ಗ ಎಂದು ಜಗಳ ಶುರುವಾಯಿತು. ದೊಡ್ಡ ಗಂಟೆ ತಮಗೇ ಎಂದು ಇಬ್ಬರು ಹಟ ಹಿಡಿದರು. ಅಷ್ಟರಲ್ಲಿ ಕೆಳಗಿನಿಂದ ಪಾದ್ರಿಗಳ ಕೂಗು: "ಮದುಮಕ್ಕಳು ಬಾಗಿಲಿಗೆ ಬಂದಾಯ್ತು! ಮೇಲೇನು ನಿದ್ದೆ ಮಾಡ್ತಿದೀರಾ?"

ಜಗಳ ಸಾಕಾಗಿ ಮ್ಯೂರಿಯಲ್ ತನ್ನ ಹಗ್ಗವನ್ನು ಹತ್ತಿರವಿದ್ದ ಅಪರಿಚಿತನ ಕೈಗೆ ತುರುಕಿ ದಡದಡ ಇಳಿದುಬಿಟ್ಟಳು. ನನ್ನದನ್ನು ಗಾಡ್‌ಫ್ರಿಗೆ ಕೊಟ್ಟು ನಾನೂ ಹಿಂದೆ ಓಡಿದೆ.

ನಾವು ಹೊರಗೆ ಬರುವುದಕ್ಕೂ ಆರೂ ಗಂಟೆಗಳು ಒಟ್ಟಿಗೆ ಮೊಳಗುವುದಕ್ಕೂ ಸರಿಹೋಯಿತು. ಮದುಮಗಳು ಮುಖವೆತ್ತಿ ನಕ್ಕಳು. ಇಷ್ಟು ವರ್ಷ ಹಗ್ಗ ಎಳೆದ ಮ್ಯೂರಿಯಲ್ ತನ್ನ ಗೋಪುರವನ್ನು ಹೊರಗೆ ನಿಂತು ಕೇಳಿದ್ದು ಅದೇ ಮೊದಲು.

"ಚೆನ್ನಾಗಿದೆ ಅಲ್ವಾ?" ಎಂದೆ.

"ಮೂರನೇದು ತಡವಾಗ್ತಿದೆ," ಎಂದು ಸಿಡುಕಿದಳು. ಆಮೇಲೆ ಗೋರಿಗಳ ಪಕ್ಕದ ಮೋಟುಗೋಡೆಯ ಮೇಲೆ ಕುಳಿತು ಬಿಗಿಯಾದ ಬೂಟು ಕಳಚಿದಳು.

ನಾನು ಮತ್ತೇನೋ ಹೇಳಲು ಬಾಯಿ ತೆರೆದೆ.

"ಸುಮ್ನಿರು ಮಾರಾಯ್ತಿ, ಕೇಳಿಸ್ಕೋತಿದೀನಿ."