ಗಂಟೆಯಾದ ಮೇಲೆ ಮಾತು

ತಿಗನಾರೆಯ ಶಾಂತಮಲ್ಲಮ್ಮನ ಹಸುವಿಗೆ ಕೆಚ್ಚಲು ಬಾವು ಬಂದಿತ್ತು. ಮುಟ್ಟಿದರೆ ಒದೆಯುತ್ತಿತ್ತು. ಮನೆಗಿದ್ದ ಕರಾವು ಅದೊಂದೇ.

೧೯೮೯ರ ಮಾತು. ಹಾಲಿನ ಸಂಘದಲ್ಲಿ ಪಟ್ಟಣದವರು ಪರೀಕ್ಷೆಗೆಂದು ಮಾತಾಡುವ ಕಂಪ್ಯೂಟರ್ ಇಟ್ಟಿದ್ದರು. ಹಸುವಿನ ಕಾಯಿಲೆಯನ್ನು ಅದು ಕನ್ನಡದಲ್ಲೇ ವಿಚಾರಿಸುತ್ತಿತ್ತು. ಹೌದು, ಇಲ್ಲ ಎಂದು ಉತ್ತರಿಸಿದರೆ ದನದ ಡಾಕ್ಟರನ್ನು ಕರೆಸುವ ಚೀಟಿ ಕೊಡುತ್ತಿತ್ತು. ಡಾಕ್ಟರು ಬರುವುದು ಸೋಮವಾರ, ಗುರುವಾರ ಮಾತ್ರ. ಚೀಟಿಯಿದ್ದ ಮನೆಗಳನ್ನು ಮುಗಿಸುವಷ್ಟರಲ್ಲೇ ಅವರಿಗೆ ಹೊತ್ತು ಮುಳುಗುತ್ತಿತ್ತು.

ಸೋಮವಾರ ನೆರೆಮನೆಯ ವಿಶಾಲಾಕ್ಷಮ್ಮ ಯಂತ್ರದ ಮುಂದೆ ಕೂತಳು. ನಾಲ್ಕೇ ಮಾತು, ಚೀಟಿ ಕೈಗೆ ಬಂತು. ಆಮೇಲೆ ಶಾಂತಮಲ್ಲಮ್ಮನ ಸರದಿ.

"ನಿಮ್ಮ ಹಸುವಿಗೆ..." ಎಂದಿತು ಯಂತ್ರ.

"ಊಂ," ಎಂದಳು ಇವಳು.

ಯಂತ್ರ ನಿಂತಿತು. ಮತ್ತೆ ಮೊದಲಿಂದ, "ನಿಮ್ಮ ಹಸುವಿಗೆ..."

"ಊಂ, ಆಮ್ಯಾಕೆ?"

ಮತ್ತೆ ನಿಂತಿತು. ಮೂರನೇ ಸಲ "ಮುಂದಿನವರು ಬನ್ನಿ" ಎಂದುಬಿಟ್ಟಿತು.

ಶಾಂತಮಲ್ಲಮ್ಮ ವಿಶಾಲಾಕ್ಷಮ್ಮನ ಕೈಯ ಚೀಟಿಯನ್ನು ದುರುಗುಟ್ಟಿ ನೋಡಿ ಎದ್ದು ನಡೆದಳು. ಅವಳಿಗೆ ಹೆಂಚಿನ ಮನೆ, ಅವಳಿಗೆ ಸೀಮೆ ಹಸು, ಈಗ ಯಂತ್ರವೂ ಅವಳ ಕಡೆಗೇ! ಯಂತ್ರ ನೋಡಿಕೊಳ್ಳುವ ಮಾದಿ, "ಅಮ್ಮಾ, ಒಸಿ ನಿಂತ್ಕಳಿ, ಏಳ್ಕೊಡ್ತೀನಿ" ಎಂದು ಕೂಗಿದರೂ ತಿರುಗಿ ನೋಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಧ್ಯಾಹ್ನ ಡಾಕ್ಟರ ಜೀಪು ವಿಶಾಲಾಕ್ಷಮ್ಮನ ಬಾಗಿಲಲ್ಲಿ ನಿಂತಾಗ ಇವಳು ತನ್ನ ಬಾಗಿಲು ಹಾಕಿಕೊಂಡಳು.

"ವಿಸಾಲಾಕ್ಸಮ್ಮನ್ನೇ ಕೇಳಬಾರ್ದಾ?" ಎಂದ ಗಂಡ ಗುರುಮಲ್ಲಪ್ಪ.

"ಅಸ ಸತ್ರೂ ಸರಿ, ಅವಳ ಒಸ್ತ್ಲು ನಾ ತುಳಿಯಾಕಿಲ್ಲ!"

ಬುಧವಾರ ಸಂಜೆ ಮಲಗಿದ ಹಸು ಏಳಲಿಲ್ಲ. ಶಾಂತಮಲ್ಲಮ್ಮ ಆ ಹೊಸ್ತಿಲನ್ನೇ ತುಳಿದಳು.

"ಆ ಕಂಪ್ಯೂಟರ್‌ಗೆ ಅದೇನು ಮದ್ದಾಕಿದ್ದೀಯವ್ವಾ?"

ವಿಶಾಲಾಕ್ಷಮ್ಮ ನಕ್ಕಳು. "ಮದ್ದೂ ಇಲ್ಲ, ಮಾಟವೂ ಇಲ್ಲ ಕಣಕ್ಕ. ನಾವು ಕತೆ ಕೇಳೋವಾಗ ಊಂಗುಟ್ಟದಿದ್ರೆ ಏಳೋರು ನಿಲ್ಸಿ ಬುಡ್ತಾರೆ. ಇದು ತಿರುಗಾಮುರುಗಾ. ನೀ ಊಂ ಅಂದ್ರೆ, ಇವಳ ಮಾತು ಸುರುವಾಯ್ತು ಅಂತ ಅದೇ ಬಾಯಿ ಮುಚ್ಕತದೆ. ನಾನೂ ಮೊದಲ್ನೇ ಸಲ ಬರೀ ಕೈಲಿ ಬಂದೆ. ಮಾದಿ ಕಲಿಸಿದ್ಲು. ಅದ್ರ ಪ್ರಸ್ನೆ ಮುಗ್ದು ಗಂಟೆ ಒಡೆಯಗಂಟ ಸುಮ್ಕಿರು. ಆಮ್ಯಾಕೆ ಒಂದೇ ಮಾತು."

ಗುರುವಾರ ಶಾಂತಮಲ್ಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. ಪ್ರಶ್ನೆ ಮುಗಿಯಿತು. ಗಂಟೆ ಹೊಡೆಯಿತು.

"ಔದು."

ನಾಲ್ಕು ಪ್ರಶ್ನೆಗೂ ಹೀಗೇ ಉತ್ತರಿಸಿದಳು, ಚೀಟಿ ಬಂತು. ಡಾಕ್ಟರು ಬಂದು ಸೂಜಿ ಹಾಕಿದರು. "ಸೋಮವಾರವೇ ನೋಡಿದ್ದರೆ ನಾಲ್ಕು ಮೊಲೆಯೂ ಉಳಿಯುತ್ತಿದ್ದವು ತಾಯಿ" ಎಂದರು. ಹಸು ಎದ್ದು ಮೇವು ತಿಂದಿತು, ಒಂದು ಮೊಲೆ ಮಾತ್ರ ಬತ್ತಿಯೇ ಹೋಯಿತು. ವಿಶಾಲಾಕ್ಷಮ್ಮನ ಮೇಲಿನ ಹೊಟ್ಟೆಕಿಚ್ಚು ಪೂರಾ ಆರಿತೆಂದರೆ ಸುಳ್ಳಾದೀತು. ಆದರೆ ಹಾಲು ಕರೆಯುವಾಗಲೆಲ್ಲ ಶಾಂತಮಲ್ಲಮ್ಮ ಬೈದುಕೊಳ್ಳುವುದು ತನ್ನನ್ನೇ.

ಅಕ್ಕಂದಿರೇ, ಅಣ್ಣಂದಿರೇ, ಮಾತಾಡುವ ಯಂತ್ರದ ಮುಂದೆ ಕೂತಾಗ ಅದರ ಪ್ರಶ್ನೆ ಮುಗಿಯಲಿ. ಗಂಟೆಯಾದ ಮೇಲೆ ಚಿಕ್ಕದಾಗಿ ಉತ್ತರ ಕೊಟ್ಟು ಸುಮ್ಮನಾಗಿ. ತಿಳಿಯದಿದ್ದರೆ ತಿಳಿದವರನ್ನು ಇವತ್ತೇ ಕೇಳಿ, ಅವರು ನಿಮಗೆ ಆಗದವರಾದರೂ ಸರಿ. ನಿಮ್ಮ ಹೊಟ್ಟೆಕಿಚ್ಚಿನ ಬೆಲೆಯನ್ನು ಮೂಕಪ್ರಾಣಿ ತೆರುವುದು ಬೇಡ.